ಮಳೆಯ ಮೇಲೆ ಹೊರಿಸಿದ ರಿಜೆಕ್ಷನ್

ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯಲ್ಲಿ, ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋ ಫೌಂಡ್ರಿಗಳಲ್ಲಿ ಜೂನ್ ಬಂತೆಂದರೆ ಒಂದು ಮಾತು ಸಿದ್ಧವಾಗಿರುತ್ತೆ: "ಮಳೆಗಾಲ ಸಾರ್, ರಿಜೆಕ್ಷನ್ ಜಾಸ್ತಿನೇ." ಎರಕದೊಳಗೆ ಗಾಳಿಗುಳ್ಳೆ ಕಂಡು ಪೀಸ್ ತಿರಸ್ಕಾರವಾದರೆ ಅಚ್ಚಿನ ಮರಳು ತೇವ ಕುಡಿದಿದೆ ಅಂತ ಹೇಳಿ ಕೈತೊಳೆದುಕೊಳ್ಳೋದು ರೂಢಿ. ಅದು ನಿಜವೇ ಅಂತ ನೋಡಬೇಕು ಅನ್ನಿಸಿದ್ದರಿಂದಲೇ, ಕ್ವಾಲಿಟಿ ವಿಭಾಗದ ನಾನು ಡೇಟಾ ಅನಾಲಿಟಿಕ್ಸ್‌ಗೆ ಕೈಹಾಕಿದ್ದು.

ಡೇಟಾಕ್ಕೇನೂ ಬರವಿರಲಿಲ್ಲ. ಇಂಡಕ್ಷನ್ ಫರ್ನೇಸಿನ ಮೀಟರ್ ಸೆಕೆಂಡಿಗೊಂದು ರೀಡಿಂಗ್ ಕೊಟ್ಟರೂ ದಿನಕ್ಕೆ 86,400 ಸಾಲು. ಸ್ಪೆಕ್ಟ್ರೋಮೀಟರಿನಲ್ಲಿ ಪ್ರತಿ ಹೀಟ್‌ನ (ಒಂದು ಸಲ ಕರಗಿಸಿದ ಲೋಹದ) ಕಾರ್ಬನ್, ಸಿಲಿಕಾನ್, ಮೆಗ್ನೀಷಿಯಂ. ಸ್ಯಾಂಡ್ ಲ್ಯಾಬಿನಲ್ಲಿ ತೇವ, ಕಂಪ್ಯಾಕ್ಟಬಿಲಿಟಿ (ಒತ್ತಿದರೆ ಮರಳು ಎಷ್ಟು ತಗ್ಗುತ್ತೆ ಅನ್ನೋದು). ಆದರೆ ಒಂದು ರಿಜಿಸ್ಟರಿಗೂ ಇನ್ನೊಂದಕ್ಕೂ ಮುಖಪರಿಚಯವೇ ಇಲ್ಲ! ಯಂತ್ರ ನಡೆಸೋ ಪಿಎಲ್‌ಸಿಯ ಗಡಿಯಾರ ಒಂದು ಟೈಮ್ ತೋರಿಸಿದರೆ ಲ್ಯಾಬ್ ಕಂಪ್ಯೂಟರ್ ಇನ್ನೊಂದು. ರಿಜೆಕ್ಟ್ ಆದ ಪೀಸ್ ಯಾವ ಹೀಟ್‌ನದು ಅಂತ ಎರಕ ಉಜ್ಜಿ ಹಸನು ಮಾಡೋ ಫೆಟ್ಲಿಂಗ್‌ನವರನ್ನು ಕೇಳಿದರೆ ಅವರಾದರೂ ಏನು ಹೇಳಿಯಾರು? ಹೀಟ್ ನಂಬರ್ ಎರಕದ ಮೈಮೇಲೇ ಮೂಡುವಂತೆ ಮಾಡಿ, ಗಡಿಯಾರಗಳನ್ನೆಲ್ಲ ಒಂದಕ್ಕೆ ತಂದೆವು. ಇಡೀ ಕೆಲಸದಲ್ಲಿ ಹೆಚ್ಚು ಬೆವರು ಹರಿದದ್ದು ಇಲ್ಲೇ. ಪೈಥಾನ್‌ನಲ್ಲಿ ಟೇಬಲ್ ಜೋಡಿಸಿದ್ದು ಅದರ ಮುಂದೆ ಏನೂ ಅಲ್ಲ.

ಜೋಡಿಸಿ ನೋಡಿದರೆ, ಮರಳಿನ ತೇವ ಮಳೆಗಾಲದಲ್ಲೂ ಮೂರರಿಂದ ನಾಲ್ಕು ಪರ್ಸೆಂಟ್ ಒಳಗೇ ಇತ್ತು. ಇರಲೇಬೇಕು ಬಿಡಿ, ಮಿಕ್ಸರಿಗೆ ನೀರು ಹಾಕೋರು ನಾವೇ ತಾನೆ. ಪಾರ್ಟ್‌ವಾರು ಬೇರೆ ಮಾಡಿದಾಗ ಸುಳಿವು ಸಿಕ್ಕಿತು. ಕೋರ್ (ಎರಕದೊಳಗೆ ಟೊಳ್ಳು ಬಿಡಲು ಅಚ್ಚಿನಲ್ಲಿಡೋ ಮರಳಿನ ತುಂಡು) ಇಲ್ಲದ ಪಾರ್ಟ್‌ಗಳಲ್ಲಿ ರಿಜೆಕ್ಷನ್ ಜುಲೈ ಆದರೂ ಅಷ್ಟೇ, ಮಾರ್ಚ್ ಆದರೂ ಅಷ್ಟೇ. ಏರಿದ್ದು ಕೋರ್ ಇಟ್ಟು ಹೊಯ್ಯುವ ಪಾರ್ಟ್‌ಗಳಲ್ಲಿ ಮಾತ್ರ.

ನಮ್ಮದು ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡೋ ಸೋಡಿಯಂ ಸಿಲಿಕೇಟ್ ಕೋರ್. ಹವೆಯ ತೇವವನ್ನು ಎಳೆದುಕೊಳ್ಳೋದು ಅದರ ಗುಣ. ಕಾದ ಲೋಹ ತಾಗಿದಾಗ ಆ ತೇವ ಆವಿಯಾಗಿ, ಹೊರಹೋಗಲು ದಾರಿ ಸಿಗದೆ ಎರಕದಲ್ಲೇ ಗುಳ್ಳೆಯಾಗಿ ಉಳಿಯುತ್ತೆ. ಆದರೆ ಯಾವ ಕೋರ್ ಯಾವಾಗ ಮಾಡಿದ್ದು? ಅದನ್ನು ಬರೆಯೋ ಕಾಲಂ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಪ್ರತಿ ರ್‍ಯಾಕಿಗೂ ಒಂದು ಸ್ಲೇಟು ತೂಗುಹಾಕಿ, ಕೋರ್ ಶಾಪಿನ ಹೆಂಗಸರು ಸೀಮೆಸುಣ್ಣದಲ್ಲಿ ತಾರೀಖು, ಗಂಟೆ ಬರೆಯತೊಡಗಿದರು. ಶಿಫ್ಟ್ ಕೊನೆಗೆ ಅದನ್ನೇ ಟೈಪ್ ಮಾಡುತ್ತಿದ್ದೆವು. ಅದೇ ಶಿಫ್ಟಿನಲ್ಲಿ ಬಳಸಿದ ಕೋರ್ ಚೆನ್ನ. ರಾತ್ರಿಯಿಡೀ ತೆರೆದ ರ್‍ಯಾಕಿನಲ್ಲಿದ್ದದ್ದೇ ಕೈಕೊಡುತ್ತಿತ್ತು. ಈಗ ಮೋಲ್ಡಿಂಗ್ ಪ್ಲಾನ್ ನೋಡಿಯೇ ಕೋರ್ ಮಾಡುತ್ತೇವೆ, ಮೊದಲು ಮಾಡಿದ್ದು ಮೊದಲು ಹೋಗುತ್ತೆ, ಉಳಿದದ್ದು ಬಿಸಿ ಕೋಣೆಗೆ. ಮಳೆಗಾಲಕ್ಕೂ ಬೇಸಿಗೆಗೂ ಇದ್ದ ವ್ಯತ್ಯಾಸ ಬಹುಪಾಲು ಇಳಿದಿದೆ.

ಮಷಿನ್ ಲರ್ನಿಂಗ್ ಮಾರಲು ಬರೋರಿಗೆ ಈ ಕಥೆ ರುಚಿಸೋದಿಲ್ಲ. ಸ್ಲೇಟಿಗೆ ಯಾರು ಲೈಸೆನ್ಸ್ ಫೀ ಕೊಡ್ತಾರೆ?

ಈಗ ಹಿಡಿದಿರೋದು ಎಸ್‌ಜಿ ಐರನ್, ಅಂದರೆ ಮೆಗ್ನೀಷಿಯಂ ಹಾಕಿ ಒಳಗಿನ ಗ್ರಾಫೈಟನ್ನು ಗುಂಡಗೆ ಮಾಡಿದ ಎರಕದ ಕಬ್ಬಿಣ. ಮೆಗ್ನೀಷಿಯಂ ಹಾಕಿದ ಮೇಲೆ ಅದರ ಪರಿಣಾಮ ನಿಮಿಷ ನಿಮಿಷಕ್ಕೂ ಇಳಿಯುತ್ತೆ, ಹಾಗಾಗಿ ಕರಗಿದ ಲೋಹ ತುಂಬಿದ ಲ್ಯಾಡಲ್ ಎಷ್ಟು ಹೊತ್ತು ನಿಂತಿತ್ತು ಅನ್ನೋದು ಮುಖ್ಯ. ಹೊಯ್ಯುವ ಹುಡುಗರು ಒಂದೇ ಷರತ್ತು ಹಾಕಿದ್ದಾರೆ: ಗ್ರಾಫ್ ಬೇಡ, ಎಷ್ಟು ನಿಮಿಷ ಉಳಿದಿದೆ ಅಂತ ದೂರದಿಂದ ಕಾಣೋ ಹಾಗೆ ದಪ್ಪ ಅಂಕಿಯಲ್ಲಿ ತೋರಿಸಿ.