ನೋವು ಕಮ್ಮಿ ಇರುವ ದಿನವೂ ಅಷ್ಟೇ ನಡಿಗೆ

ನನಗೆ ಫೈಬ್ರೊಮಯಾಲ್ಜಿಯ ಇದೆ. ಮೈಯೆಲ್ಲ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಕೀಲು ಸವೆದು ಬರುವ ನೋವಲ್ಲ ಇದು, ನರಮಂಡಲವೇ ನೋವನ್ನು ಜೋರು ಮಾಡಿ ಹೇಳುತ್ತದೆ. ಹಾಗಾಗಿ ನಡೆದರೆ ಒಳಗೆ ಏನೋ ಹರಿದುಹೋಗುತ್ತದೆ ಎಂಬ ಭಯ ಬೇಡ. ಯುರೋಪಿನ ಸಂಧಿರೋಗ ತಜ್ಞರು 2016ರಲ್ಲಿ ಕೊಟ್ಟ ಸಲಹೆಗಳಲ್ಲಿ ಒತ್ತಿ ಹೇಳಿದ್ದು ವ್ಯಾಯಾಮ ಒಂದನ್ನೇ.

ಎಷ್ಟು ಮಾಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಅಂಗಳ ದಾಟಿದರೆ ಏರು, ಇಲ್ಲ ಇಳಿಜಾರು. ಇಳಿಯುವುದು ಸಲೀಸು ಅನಿಸುತ್ತೆ, ಆದರೆ ಮೈಭಾರ ತಡೆಯುವ ತೊಡೆಗೆ ಮರುದಿನ ನೋವು ಜಾಸ್ತಿ. ಅದಕ್ಕೇ ತೋಟದ ದಾರಿ ಬಿಟ್ಟು ಸಮತಟ್ಟಾದ ಟಾರು ರಸ್ತೆ ಹಿಡಿದೆ.

ಕೆಲವು ದಿನ ಸುಮ್ನೆ ನಡೆದು, ಎಷ್ಟು ಹೊತ್ತಿಗೆ ನೋವು ಏರುತ್ತದೆ ಅಂತ ಬರೆದಿಟ್ಟೆ. ಸರಾಸರಿ 10 ನಿಮಿಷ ಬಂತು. ಫಿಸಿಯೋಥೆರಪಿಸ್ಟ್ ಅದಕ್ಕಿಂತ ಕಮ್ಮಿ, 8 ನಿಮಿಷದಿಂದ ಶುರು ಮಾಡಿಸಿದರು. ಮೊಬೈಲಿನಲ್ಲಿ 4 ನಿಮಿಷಕ್ಕೆ ಅಲಾರಂ. ಅದು ಹೊಡೆದ ಜಾಗದಿಂದಲೇ ವಾಪಸ್, ಯಾಕೆಂದರೆ ಬರುವ ದಾರಿಯೂ ಲೆಕ್ಕಕ್ಕೆ ಸೇರಬೇಕಲ್ವಾ?

ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹುಷಾರಾಗಿರಬೇಕು. ಮಳೆ ಬಿಟ್ಟು ಬಿಸಿಲು ಬಂದಿರುತ್ತದೆ, ಮೈ ಹಗುರ ಇರುತ್ತದೆ, ಇನ್ನೊಂದು ತಿರುವಿನವರೆಗೆ ಹೋಗೋಣ ಅನಿಸುತ್ತದೆ. ಹೋಗಬಾರದು. ಆ ಹೆಚ್ಚಿನ ನಡಿಗೆಯನ್ನು ಮುಂದಿನ ದಿನಗಳು ಹಾಸಿಗೆಯಲ್ಲಿ ವಸೂಲಿ ಮಾಡುತ್ತವೆ. ನೋವಿರುವ ದಿನವೂ ಪೂರ್ತಿ ಬಿಡುವುದಿಲ್ಲ, ಜಗಲಿಯಲ್ಲೇ ನಿಧಾನವಾಗಿ ಸ್ವಲ್ಪ ಓಡಾಡುತ್ತೇನೆ. ಮರುದಿನದ ಹೊತ್ತಿಗೆ ನೋವು ಎಂದಿನ ಮಟ್ಟಕ್ಕೆ ಇಳಿದರೆ ಲೆಕ್ಕ ಸರಿಯಿದೆ ಅಂತ ಅರ್ಥ. ವಾರವಿಡೀ ಹಾಗೇ ಇದ್ದರೆ ಒಂದು ನಿಮಿಷ ಸೇರಿಸುತ್ತೇನೆ. ಈಗ 25 ನಿಮಿಷಕ್ಕೆ ಬಂದಿದ್ದೇನೆ. ನೋವು ಹೋಗಿಲ್ಲ, ನಿದ್ದೆ ಮಾತ್ರ ಎಷ್ಟೋ ವಾಸಿ.

ಕೀಲು ಊದಿ ಕೆಂಪಾದರೆ, ಜ್ವರ ಬಂದರೆ, ಕಾಲು ಮರಗಟ್ಟಿ ಬಲ ತಪ್ಪಿದರೆ, ಎದೆ ನೋವಾದರೆ ಇದೂ ಫೈಬ್ರೊಮಯಾಲ್ಜಿಯ ಅಂತ ಸುಮ್ಮನಿರಬೇಡಿ. ನಡಿಗೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಅಡಕೆ ಕೊಯ್ಲಿನ ಕಾಲದಲ್ಲಿ ಲೆಕ್ಕ ಬದಲಾಗುತ್ತದೆ. ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತು ಸುಲಿಯುವುದು ಹೆಗಲಿಗೆ, ಸೊಂಟಕ್ಕೆ ದೊಡ್ಡ ಕೆಲಸ. ಆಗ ಅಲಾರಂ ಸುಲಿಯುವಾಗಲೂ ಹೊಡೆಯುತ್ತದೆ. ಎದ್ದು ಅಂಗಳ ಸುತ್ತಿ ಬರುತ್ತೇನೆ, ಸಂಜೆಯ ನಡಿಗೆ ಅರ್ಧ ಮಾಡುತ್ತೇನೆ. ಇದು ಸೋಮಾರಿತನ ಅಲ್ಲ ಅಂತ ಮನೆಯವರಿಗೆ ಕೊಯ್ಲು ಶುರುವಾಗುವ ಮೊದಲೇ ಹೇಳಿಟ್ಟಿರುತ್ತೇನೆ.