ಕಾಲಿಗೆ ಸರಳು ಹೊಕ್ಕಿದೆ, ಮೂಳೆ ಮುರಿದಿದೆ: ಆಂಬುಲೆನ್ಸ್ ಬರುವ ತನಕ ಏನು ಮಾಡಬೇಕು?

ಸಕಲೇಶಪುರ, ಮೂಡಿಗೆರೆ ಕಡೆ ಬೈಕ್ ಓಡಿಸುವವರಿಗೆ ಈ ಭಯ ಗೊತ್ತು. ಮುಂದಿನ ಪಿಕಪ್‌ನಿಂದ ಸಿಲ್ವರ್ ಓಕ್ ಮರವೋ ಕಬ್ಬಿಣದ ಸರಳೋ ಮಾರುದ್ದ ಹೊರಗೆ ಚಾಚಿರುತ್ತದೆ. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರೆ ನಮ್ಮ ಪುಣ್ಯ. ಮಂಜಿನಲ್ಲಿ ಗುದ್ದಿದರೆ ಮೂಳೆ ಮುರಿಯುವುದರ ಜೊತೆಗೆ ಸರಳು ಒಳಗೇ ಕೂತುಬಿಡಬಹುದು. ಬೈಕಿನದೇ ಬ್ರೇಕ್ ಲಿವರ್ ಹೊಕ್ಕುವುದೂ ಉಂಟು.

ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಘಾಟಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಿಗ್ನಲ್ ಸಿಗುವ ತಿರುವಿನವರೆಗೆ ಒಬ್ಬರನ್ನು ಕಳಿಸಿ.

ಚುಚ್ಚಿದ್ದನ್ನು ಮಾತ್ರ ಕೀಳಬೇಡಿ. ನೋಡಿದ ತಕ್ಷಣ ಕೈ ಅತ್ತಲೇ ಹೋಗುತ್ತದೆ, ಅಲ್ವಾ? ಆದರೆ ಹರಿದ ರಕ್ತನಾಳಕ್ಕೆ ಆ ಸರಳೇ ಬಿರಡೆಯಾಗಿ ಕೂತಿರಬಹುದು. ಕಿತ್ತರೆ ರಕ್ತ ಚಿಮ್ಮುತ್ತದೆ. ಉದ್ದ ಜಾಸ್ತಿ ಇದೆ ಎಂದು ಮಚ್ಚಿನಿಂದ ಕಡಿಯುವುದೂ ಬೇಡ; ಒಂದೊಂದು ಏಟಿಗೂ ಒಳಗಿನ ತುದಿ ಮಾಂಸ ಕೊಯ್ಯುತ್ತದೆ. ಗಾಡಿಗೇ ಸಿಕ್ಕಿಕೊಂಡಿದ್ದರೆ 112ಕ್ಕೆ ಹೇಳಿ ಅಗ್ನಿಶಾಮಕದವರನ್ನು ಕರೆಸಿ. ಅಲ್ಲಿಯವರೆಗೆ ಒಬ್ಬರು ಸರಳನ್ನು ಅಲ್ಲಾಡದಂತೆ ಹಿಡಿದುಕೊಂಡಿರಲಿ.

ರಕ್ತ ನಿಲ್ಲಿಸಲು ಎರಡು ಟವೆಲ್ ಸುರುಳಿ ಸುತ್ತಿ, ಸರಳಿನ ಆಚೀಚೆ ಒಂದೊಂದು ಇಟ್ಟು ಒತ್ತಿ. ಸರಳಿನ ಮೇಲೆ ಒತ್ತಬೇಡಿ. ಆಮೇಲೆ ಸುರುಳಿಗಳು ಜಾರದಂತೆ ಬಟ್ಟೆ ಕಟ್ಟಿ. ಮೂಳೆ ಹೊರಗೆ ಕಂಡರೆ ಒಳಗೆ ತಳ್ಳಲು ಹೋಗಬೇಡಿ, ಒಗೆದ ಬಟ್ಟೆ ಮುಚ್ಚಿದರೆ ಸಾಕು. ನಮ್ಮ ಕಡೆ ಗಾಯ ಎಂದರೆ ಕಾಫಿಪುಡಿ, ಅರಿಶಿನ ಹಿಡಿದು ಬರುವವರು ಇದ್ದೇ ಇರುತ್ತಾರೆ. ಅವರನ್ನು ದೂರ ಕಳಿಸಿ.

ಸೊಟ್ಟಗಾದ ಕಾಲನ್ನು ನೆಟ್ಟಗೆ ಮಾಡಬೇಡಿ. ಇದ್ದ ಹಾಗೇ ಪಕ್ಕಕ್ಕೆ ಕೊಡೆಯೋ ಹಲಗೆಯೋ ಇಟ್ಟು, ಮುರಿದ ಜಾಗದ ಮೇಲಿನ, ಕೆಳಗಿನ ಎರಡೂ ಕೀಲು ಅಲುಗದಂತೆ ಕಟ್ಟಿ. ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಕಟ್ಟು ಸ್ವಲ್ಪ ಸಡಿಲಿಸಿ. ನೀರು, ಸೋಡಾ ಏನೂ ಕುಡಿಸಬೇಡಿ. ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾಗುತ್ತದೆ.

ಪೊಲೀಸ್ ರಗಳೆ ಯಾಕೆ ಎಂದು ಸುಮ್ನೆ ನಿಲ್ಲುವವರೇ ಜಾಸ್ತಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದೂ ಇಲ್ಲ.

ಆಸ್ಪತ್ರೆಯಲ್ಲಿ ಮೂರು ವಿಷಯ ತಿಳಿಸಿ: ಎಷ್ಟು ಹೊತ್ತಿಗೆ ಆಯಿತು, ಏನು ಚುಚ್ಚಿತು, ಗಾಯಕ್ಕೆ ಮಣ್ಣೋ ಗೊಬ್ಬರವೋ ತಾಗಿದೆಯೇ. ಟಿಟಿ ಇಂಜೆಕ್ಷನ್, ಆಂಟಿಬಯೋಟಿಕ್ ಆದಷ್ಟು ಬೇಗ ಬೀಳಬೇಕು. ಚುಚ್ಚಿದ್ದು ಮರವಾದರೆ ಒತ್ತಿ ಹೇಳಿ. ಕಬ್ಬಿಣ ಎಕ್ಸ್‌ರೇಯಲ್ಲಿ ಕಾಣುತ್ತದೆ, ಮರದ ಸಿಬಿರು ಎಷ್ಟೋ ಸಲ ಕಾಣುವುದೇ ಇಲ್ಲ.