ಮೊದಲು ತೆರಿಗೆ ಕಟ್ಟಿ, ಆಮೇಲೆ ನಿಮ್ಮ ರೊಕ್ಕ

ಕಲಬುರಗಿ ಗಂಜ್‌ನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ನನ್ನದೊಂದು ಸಣ್ಣ ಆಫೀಸಿದೆ. ಅಡತ್ (ದಲ್ಲಾಳಿ) ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುತ್ತೇನೆ. ಇಪ್ಪತ್ತು ವರ್ಷದಿಂದ ಮಂದಿಯ ರೊಕ್ಕದ ಲೆಕ್ಕ ಇಟ್ಟವನು ನಾನು. ಹಾಗಿದ್ದೂ 2024ರಲ್ಲಿ ಒಂದು ಕ್ರಿಪ್ಟೊ ಆ್ಯಪ್‌ಗೆ 46,000 ರೂಪಾಯಿ ಕೊಟ್ಟು ಕೂತೆ. ನಗಬೇಡಿ.

ನನಗೆ ಅದನ್ನು ಹೇಳಿದವನು ಅಪರಿಚಿತನಲ್ಲ. ಹೈಸ್ಕೂಲಿನ ಗೆಳೆಯ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿದ್ದ. ಅವನಿಗೂ ಅದು ಮೋಸ ಅಂತ ಗೊತ್ತಿರಲಿಲ್ಲ. ನನಗಿಂತ ಜಾಸ್ತಿ ಕಳೆದುಕೊಂಡವನು ಅವನೇ. ದಿನಕ್ಕೆ ಒಂದೂವರೆ ಪರ್ಸೆಂಟ್ ಲಾಭ, ಅದೂ ಗ್ಯಾರಂಟಿ ಅಂದಿದ್ದರು. ಕ್ಯಾಲ್ಕುಲೇಟರ್ ನನ್ನ ಮೇಜಿನ ಮೇಲೇ ಇತ್ತು. ಒತ್ತಿ ನೋಡಲಿಲ್ಲ. ಲಾಭವನ್ನೂ ಅದರಲ್ಲೇ ಬಿಟ್ಟರೆ ಹತ್ತು ಸಾವಿರ ರೂಪಾಯಿ ಒಂದೇ ವರ್ಷಕ್ಕೆ 22 ಲಕ್ಷ ದಾಟುತ್ತದೆ. ಆಮೇಲೆ ಒತ್ತಿ ನೋಡಿದಾಗ ಗೊತ್ತಾಯಿತು. ಹಂಗಿದ್ದರೆ ಗಂಜ್‌ನಲ್ಲಿ ತೊಗರಿ ಯಾರು ಮಾರುತ್ತಿದ್ದರು?

ಮೊದಲು 6,000 ಹಾಕಿದೆ. ಒಂದು ವಾರಕ್ಕೆ 900 ರೂಪಾಯಿ ವಾಪಸ್ ತೆಗೆದೆ. ಬ್ಯಾಂಕಿಗೆ ಬಂತು. ಆ 900 ರೂಪಾಯಿಯೇ ಗಾಳಕ್ಕೆ ಸಿಕ್ಕಿಸಿದ ಹುಳ. ಅದು ಬರದಿದ್ದರೆ ಮುಂದಿನ 40,000 ನಾನು ಹಾಕುತ್ತಿರಲಿಲ್ಲ. ಈ ಸಲ ಯುಎಸ್‌ಡಿಟಿ ಕೊಂಡು ಕಳಿಸಿ ಅಂದರು. ಯುಎಸ್‌ಡಿಟಿ ಅಂದರೆ ಒಂದು ಡಾಲರ್ ಬೆಲೆಗೆ ಕಟ್ಟಿಟ್ಟ ಕ್ರಿಪ್ಟೊ ನಾಣ್ಯ. ಯಾರಿಂದಲೋ ಕೊಂಡು, ಆ್ಯಪ್‌ನವರು ಕೊಟ್ಟ, ಅಕ್ಷರ ಅಂಕಿಗಳ ಉದ್ದನೆಯ ಕ್ರಿಪ್ಟೊ ವಿಳಾಸಕ್ಕೆ ಕಳಿಸಿದೆ.

ಎರಡೂವರೆ ತಿಂಗಳಿಗೆ ಆ್ಯಪ್‌ನಲ್ಲಿ 1,38,000 ತೋರಿಸಿತು. ತೆಗೆಯಲು ಹೋದೆ. 'ಭಾರತ ಸರ್ಕಾರದ ನಿಯಮದಂತೆ 30% ತೆರಿಗೆ, 41,400 ರೂಪಾಯಿ ಮೊದಲು ಕಟ್ಟಿ' ಎಂದು ಮೆಸೇಜ್ ಬಂತು.

ಅಲ್ಲಿಗೆ ಎಚ್ಚರವಾಯಿತು, ಯಾಕೆಂದರೆ ಅದು ನನ್ನ ಕಸುಬು. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ ಇರುವುದು ನಿಜ, ಮೇಲೆ ಸೆಸ್ ಬೇರೆ. ಆದರೆ ಅದು ಲಾಭದ ಮೇಲೆ. ಇವರು ನನ್ನ ಅಸಲಿಗೂ ಸೇರಿಸಿ ತೆರಿಗೆ ಹಾಕಿದ್ದರು! ಮೋಸ ಮಾಡುವವರಿಗೂ ಒಬ್ಬ ಸರಿಯಾದ ಅಕೌಂಟೆಂಟ್ ಸಿಕ್ಕಿಲ್ಲ ಅಂತ ಕಾಣುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಈ ತೆರಿಗೆಯನ್ನು ನಾವು ರಿಟರ್ನ್ ತುಂಬುವಾಗ ಇಲಾಖೆಯ ಪೋರ್ಟಲ್‌ನಲ್ಲಿ ಕಟ್ಟುತ್ತೇವೆ. ಯಾವುದೋ ಆ್ಯಪ್‌ನವನ ಯುಪಿಐಗೆ ಅಲ್ಲ. ಎಕ್ಸ್‌ಚೇಂಜ್, ಅಂದರೆ ಕ್ರಿಪ್ಟೊ ಕೊಂಡು ಮಾರುವ ತಾಣ, ಹಿಡಿಯುವುದು 1% ಟಿಡಿಎಸ್, 2022ರ ಜುಲೈಯಿಂದ. ಅದನ್ನೂ ಮಾರಿದ ಹಣದಲ್ಲೇ ಕಡಿತ ಮಾಡುತ್ತಾರೆ. ಅದು ಇಲಾಖೆ ನಮ್ಮ ಹೆಸರಿನಲ್ಲಿ ಇಡುವ ತೆರಿಗೆ ಪಟ್ಟಿಯಲ್ಲಿ (ಆಗ 26ಎಎಸ್) ಕಾಣುತ್ತದೆ. ನನ್ನ 26ಎಎಸ್ ತೆಗೆದು ನೋಡಿದೆ. ಆ ಆ್ಯಪ್ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

ಗಂಜ್‌ನಲ್ಲಿ ರೈತ ತೊಗರಿ ತಂದು ಹಾಕುತ್ತಾನೆ. ಮಾರಾಟ ಆದ ಮೇಲೆ ಅಡತ್ ಅಂಗಡಿಯವರು ಪಟ್ಟಿ ಬರೆಯುತ್ತಾರೆ. ಇಷ್ಟು ಚೀಲ, ಇಷ್ಟು ರೇಟು. ಹಮಾಲಿ, ತೂಕದ ಖರ್ಚು, ಮೊದಲು ಒಯ್ದ ಮುಂಗಡ ಎಲ್ಲಾ ಪಟ್ಟಿಯಲ್ಲೇ ಕಳೆದು ಉಳಿದದ್ದು ಕೊಡುತ್ತಾರೆ. 'ಹಮಾಲಿ ರೊಕ್ಕ ಮೊದಲು ತಗೊಂಡು ಬಾ, ಆಮೇಲೆ ನಿನ್ನ ತೊಗರಿ ರೊಕ್ಕ ಕೊಡ್ತೀನಿ' ಅಂತ ಅಂದವರನ್ನು ನಾನು ಕಂಡಿಲ್ಲ. ಅದಕ್ಕೇ ಆ ಆ್ಯಪ್‌ನವನಿಗೆ ಬರೆದೆ: ನನ್ನ ರೊಕ್ಕ ನಿನ್ನ ಹತ್ತಿರವೇ ಇದೆಯಲ್ಲ, ಅದರಲ್ಲೇ ಹಿಡಿದುಕೊಂಡು ಉಳಿದದ್ದು ಕಳಿಸು. 'ಸಿಸ್ಟಮ್‌ನಲ್ಲಿ ಅವಕಾಶ ಇಲ್ಲ' ಅಂದ. ಮರುದಿನ ಖಾತೆ ಫ್ರೀಜ್.

ಇನ್ನೊಂದು ಕೆಲಸ ಮಾಡಿದೆ, ಅದನ್ನು ಯಾರು ಬೇಕಾದರೂ ಮಾಡಬಹುದು. ನಾನು ಕಳಿಸಿದ ವಿಳಾಸ 'ಟಿ' ಅಕ್ಷರದಿಂದ ಶುರುವಾಗಿತ್ತು. ಅಂದರೆ ಟ್ರಾನ್ ಎಂಬ ಕ್ರಿಪ್ಟೊ ಜಾಲದ್ದು. ಟ್ರಾನ್‌ಸ್ಕ್ಯಾನ್ ಎಂಬ ತಾಣದಲ್ಲಿ ಆ ವಿಳಾಸ ಹಾಕಿದರೆ ಅದರ ಎಲ್ಲಾ ವ್ಯವಹಾರ ಕಾಣುತ್ತದೆ, ಲಾಗಿನ್ ಕೂಡ ಬೇಡ. ನನ್ನ ನಾಣ್ಯ ಅಲ್ಲಿಗೆ ತಲುಪಿ ಏಳೇ ನಿಮಿಷಕ್ಕೆ ಇನ್ನೊಂದು ವಿಳಾಸಕ್ಕೆ ಹೋಗಿತ್ತು. ಆಗಲೇ, ಎರಡೂವರೆ ತಿಂಗಳ ಹಿಂದೆಯೇ! ಆ್ಯಪ್‌ನಲ್ಲಿ ದಿನಾ ಏರುತ್ತಿದ್ದದ್ದು ಬರೀ ಕಚ್ಚಾ ಚೀಟಿ. ಪಕ್ಕಾ ಲೆಕ್ಕ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಆ ಜಾಲದ ಎಲ್ಲರಿಗೂ ಕಾಣುವ ಖಾತೆ ಪುಸ್ತಕದಲ್ಲಿತ್ತು. ನಾನು ಅದನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ.

ತಪ್ಪು ಮಾಡಿದ್ದು ಇದರ ನಂತರವೂ. ಮನೆಯಲ್ಲಿ ಹೇಳಲು ನಾಚಿಕೆಯಾಗಿ ಹನ್ನೊಂದು ದಿನ ಸುಮ್ನೆ ಕೂತೆ. ಸಿಟ್ಟಿನಲ್ಲಿ ಆ್ಯಪ್‌ನವರ ಟೆಲಿಗ್ರಾಂ ಗುಂಪು ಬಿಟ್ಟು, ಚಾಟ್ ಅಳಿಸಿದೆ. ಕೊನೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಠಾಣೆಗೆ ಹೋದಾಗ ಅವರು ಕೇಳಿದ್ದು ಅದನ್ನೇ: ಚಾಟ್, ಯುಪಿಐ ವ್ಯವಹಾರದ ನಂಬರ್, ಕ್ರಿಪ್ಟೊ ವಿಳಾಸ, ಹ್ಯಾಶ್ (ಕ್ರಿಪ್ಟೊ ವ್ಯವಹಾರದ ಗುರುತಿನ ನಂಬರ್). ಅರ್ಧ ನನ್ನ ಹತ್ತಿರ ಇರಲಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಹಣವನ್ನು ಬೇಗ ತಿಳಿಸಿದರೆ ದಾರಿಯಲ್ಲೇ ತಡೆಯಲು ನೋಡಬಹುದು. ಕ್ರಿಪ್ಟೊ ಒಮ್ಮೆ ಹೋದರೆ ವಾಪಸ್ ಎಳೆಯುವ ಗುಂಡಿ ನಮ್ಮ ಹತ್ತಿರವೂ ಇಲ್ಲ, ನಮ್ಮ ಬ್ಯಾಂಕಿನ ಹತ್ತಿರವೂ ಇಲ್ಲ. ನನಗೆ ಆ 900 ಬಿಟ್ಟು ಏನೂ ಬಂದಿಲ್ಲ.

ಎರಡು ವಾರಕ್ಕೆ ಒಬ್ಬ ಹಿಂದಿಯಲ್ಲಿ ಫೋನ್ ಮಾಡಿದ. ಕಳೆದ ಕ್ರಿಪ್ಟೊ ಹುಡುಕಿ ಕೊಡುತ್ತೇನೆ, ಫೀಸು 15,000 ಮುಂಚೆ ಅಂದ. ನಾನು ಕಳೆದುಕೊಂಡದ್ದು ಇವನಿಗೆ ಹೇಗೆ ಗೊತ್ತು? ಸಿಕ್ಕಿದ್ದರಲ್ಲೇ ಹಿಡಿದುಕೋ ಅಂದೆ. ಫೋನ್ ಇಟ್ಟ.

ಕ್ರಿಪ್ಟೊ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಬಿಟ್‌ಕಾಯಿನ್ 2009ರಿಂದ ನಡೆಯುತ್ತಿದೆ. ಆದರೆ ಅದರ ಬೆಲೆ ನಾಳೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ, ಗ್ಯಾರಂಟಿ ಎಲ್ಲಿಂದ ಬರಬೇಕು? ಗೇನ್‌ಬಿಟ್‌ಕಾಯಿನ್ ಎಂಬ ಮೋಸದ ಸ್ಕೀಮಿನವರು ತಿಂಗಳಿಗೆ 10% ಅಂತ ಹೇಳಿ, ಕೊನೆಗೆ ಬಿಟ್‌ಕಾಯಿನ್ ಬದಲು ತಮ್ಮದೇ ಎಂಕ್ಯಾಪ್ ನಾಣ್ಯ ಕೈಗಿಟ್ಟರು. ಈಗ ಯಾರಾದರೂ ಆ್ಯಪ್ ತೋರಿಸಿದರೆ, ಪ್ಲೇ ಸ್ಟೋರ್‌ನಿಂದ ಹಾಕಿದ್ದೋ ಲಿಂಕ್‌ನಿಂದ ಬಂದ ಎಪಿಕೆ ಫೈಲೋ ಕೇಳುತ್ತೇನೆ. ಯುಪಿಐ ಮಾಡುವಾಗ ಯಾರ ಹೆಸರು ಬರುತ್ತದೆ ನೋಡುತ್ತೇನೆ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ಅಲ್ಲೇ ನಿಲ್ಲಿಸಿ ಅನ್ನುತ್ತೇನೆ. 2023ರಿಂದ ಎಕ್ಸ್‌ಚೇಂಜ್‌ಗಳು ಕೇಂದ್ರದ ಫೈನಾನ್ಶಿಯಲ್ ಇಂಟೆಲಿಜೆನ್ಸ್ ಯೂನಿಟ್‌ನಲ್ಲಿ ನೋಂದಣಿ ಮಾಡಿಸಬೇಕು. ಅದೂ ನಿಮ್ಮ ಹಣಕ್ಕೆ ವಿಮೆ ಅಲ್ಲ, ಆದರೆ ಆ ನೋಂದಣಿಯೂ ಇಲ್ಲದವರ ಜೊತೆ ಮಾತೇ ಬೇಡ.

ಈ ಸಲದ ತೊಗರಿ ಸೀಸನ್‌ನಲ್ಲಿ ಅಫಜಲಪುರ ಕಡೆಯ ಒಬ್ಬ ರೈತರ ಮಗ ಆಫೀಸಿಗೆ ಬಂದ. "ಕಾಕಾ, ಎರಡು ಲಕ್ಷ ಬರೋದದ, 60,000 ಟ್ಯಾಕ್ಸ್ ಕಟ್ಟು ಅಂತಾರ. ಚಲನ್ ಹೆಂಗ ತುಂಬಬೇಕ್ರಿ?" ಅಂದ. ಬಾಗಿಲು ಹಾಕಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ಎಲ್ಲಾ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆಸಿದೆ. ಆಮೇಲೆ ಅವನ ಕೈಯಲ್ಲೇ ಬರೆಸಿದೆ, 'ಅದರಲ್ಲೇ ಕಟ್ ಮಾಡಿ ಉಳಿದದ್ದು ಕೊಡಿ.' ಆ ಕಡೆ ಬಹಳ ಹೊತ್ತು ಟೈಪ್ ಮಾಡುತ್ತಿರುವುದು ಕಂಡಿತು. ಮೆಸೇಜ್ ಬರಲಿಲ್ಲ. ಗುಂಪಿನಿಂದಲೇ ಅವನನ್ನು ತೆಗೆದು ಹಾಕಿದರು.

ಹುಡುಗ ಫೋನ್ ನೋಡುತ್ತಾ ಕೂತಿದ್ದ. ಹಿಂದಿನ ಸಂಜೆಯಷ್ಟೇ 12,000 ಯುಪಿಐ ಮಾಡಿದ್ದನಂತೆ. 1930 ಒತ್ತಿ ಅವನ ಕೈಗೆ ಕೊಟ್ಟೆ.

"ಕಾಕಾ, ಅಪ್ಪಗ ಹೇಳಬ್ಯಾಡ್ರಿ."

"ನಾ ಹೇಳಂಗಿಲ್ಲ. ನೀನೇ ಹೇಳು, ಇವತ್ತೇ ಹೇಳು," ಅಂದೆ. ಅಷ್ಟರಲ್ಲಿ ಆ ಕಡೆಯಿಂದ ಫೋನ್ ಎತ್ತಿದರು.